ಹೆಸರು ಮೊದಲು, ಬೆಲೆ ಆಮೇಲೆ

2022ರ ಡಿಸೆಂಬರ್ 8ರಂದು ಪಿಎಚ್‌ಪಿ ಭಾಷೆಯ 8.2ನೇ ಆವೃತ್ತಿ ಹೊರಬಂತು. ಹೊಸ ಆವೃತ್ತಿಗೆ ಬದಲಾದ ಸರ್ವರ್‌ಗಳ ಲಾಗ್ ಫೈಲುಗಳಲ್ಲಿ ಅಲ್ಲಿಂದಾಚೆಗೆ ಒಂದೇ ಬಗೆಯ ದೂರು ಸಾಲುಸಾಲಾಗಿ ಬೀಳತೊಡಗಿತು: ಇಂಥ ಕ್ಲಾಸಿನಲ್ಲಿ ಘೋಷಿಸದೇ ಇರುವ ವೇರಿಯಬಲ್ ಒಂದನ್ನು ಹೊಸದಾಗಿ ಸೃಷ್ಟಿಸಲಾಗುತ್ತಿದೆ, ಈ ಪದ್ಧತಿಯನ್ನು ಭಾಷೆ ಕೈಬಿಡುತ್ತಿದೆ. ಸೈಟುಗಳೇನೂ ನಿಲ್ಲಲಿಲ್ಲ. ಪುಟಗಳು ತೆರೆಯುತ್ತಿದ್ದವು, ಹಣ ಪಾವತಿಯಾಗುತ್ತಿತ್ತು. ಆದರೆ ಹತ್ತು ಹದಿನೈದು ವರ್ಷ ಯಾವ ತಕರಾರೂ ಇಲ್ಲದೆ ನಡೆದುಕೊಂಡು ಬಂದಿದ್ದ ಕೋಡಿನ ಮೇಲೆ ಭಾಷೆಯೇ ಆಕ್ಷೇಪ ಎತ್ತಿತ್ತು. ಇಂಥ ಕೋಡನ್ನು ನೋಡಿಕೊಳ್ಳುವವರಿಗೆ ಮೊದಲು ಹೊಳೆಯುವ ಉಪಾಯವೂ ಒಂದೇ. ಎಚ್ಚರಿಕೆ ಕೊಡುವವನ ಬಾಯಿ ಮುಚ್ಚಿಸುವುದು. ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಲಾಗ್ ಮತ್ತೆ ತಣ್ಣಗಾಗುತ್ತದೆ.

ಹಾಗೆ ತಣ್ಣಗಾಗಿಸುವುದು ತಪ್ಪು. ಕ್ಲಾಸ್ ಎಂಬ ಸೌಲಭ್ಯ ಪಿಎಚ್‌ಪಿಗೆ ಬಂದದ್ದು 1998ರಲ್ಲಿ. ಇಪ್ಪತ್ತನಾಲ್ಕು ವರ್ಷ ಸಹಿಸಿಕೊಂಡಿದ್ದ ಒಂದು ಸಡಿಲನ್ನು ಭಾಷೆ ಈಗ ಬಿಗಿ ಮಾಡುತ್ತಿದೆ ಎಂದರೆ ಆ ಸಡಿಲಿನಿಂದ ಆಗುವ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅದು ಕೋಡು ಬರೆದವರ ತಲೆಯ ಮೇಲೆ ಬೀಳುವುದು ಅಪರೂಪ.

ನಮೂನೆಯ ಅಂಚಿನಲ್ಲಿ ಬರೆದದ್ದು

ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಕ್ಲಾಸ್ ಎಂದರೆ ಅರ್ಜಿಯ ನಮೂನೆ ಎಂದುಕೊಂಡರೆ ಸಾಕು. ಹೆಸರು, ವಿಳಾಸ, ಜನ್ಮ ದಿನಾಂಕ ಎಂದು ಕಾಲಂಗಳಿರುವ ಖಾಲಿ ನಮೂನೆ ಅದು. ಅದನ್ನು ಒಬ್ಬೊಬ್ಬರ ಹೆಸರಿನಲ್ಲಿ ತುಂಬಿದಾಗ ಸಿಗುವ ಪ್ರತಿಯೇ ಆಬ್ಜೆಕ್ಟ್. ಕಾಲಂಗಳೇ ಆ ಕ್ಲಾಸಿನ ವೇರಿಯಬಲ್‌ಗಳು. ಪಿಎಚ್‌ಪಿಯವರು ಅವುಗಳನ್ನು ಪ್ರಾಪರ್ಟಿ ಎನ್ನುತ್ತಾರೆ. ಈ ನಮೂನೆಯಲ್ಲಿ ಯಾವ್ಯಾವ ಕಾಲಂಗಳಿವೆ ಎಂದು ಮೊದಲೇ ಬರೆದಿಡುವುದು ಘೋಷಣೆ. ಪಿಎಚ್‌ಪಿ ಬಹುಕಾಲ ಸುಮ್ಮನೆ ಬಿಟ್ಟಿದ್ದೇನೆಂದರೆ, ತುಂಬುವವರು ಬೇಕೆನಿಸಿದಾಗ ನಮೂನೆಯ ಅಂಚಿನಲ್ಲಿ ತಮ್ಮದೇ ಒಂದು ಹೊಸ ಕಾಲಂ ಗೀಚಿಕೊಂಡು ಅದರಲ್ಲಿ ಏನನ್ನಾದರೂ ಬರೆಯುವುದನ್ನು.

ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ಒಂದು ಕನ್ನಡ ಸಂಘವನ್ನು ಊಹಿಸಿಕೊಳ್ಳಬಹುದು. ಸದಸ್ಯರ ವಾರ್ಷಿಕ ಚಂದಾ ಲೆಕ್ಕಕ್ಕೆಂದು ಸಾಫ್ಟ್‌ವೇರ್ ಕಂಪನಿಯಲ್ಲಿರುವ ಉತ್ಸಾಹಿ ಸದಸ್ಯರೊಬ್ಬರು ಎರಡು ಭಾನುವಾರ ಕೂತು ಒಂದು ಸಣ್ಣ ವೆಬ್‌ಸೈಟ್ ಬರೆದುಕೊಟ್ಟಿದ್ದಾರೆ. ಅದರ ನಡುವೆ ಇಂಥದೊಂದು ತುಣುಕು ಇದೆ:

ಕ್ಲಾಸ್ ಸದಸ್ಯ {
ವಾರ್ $ಹೆಸರು;
ವಾರ್ $ಬಾಕಿ;
}

ಕ್ಲಾಸ್, ವಾರ್ ಎಂಬ ಪದಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿ. ಆದರೆ ವೇರಿಯಬಲ್‌ಗಳ ಹೆಸರನ್ನು ನಿಜವಾಗಿಯೂ ಕನ್ನಡದಲ್ಲೇ ಇಡಬಹುದು, ಪಿಎಚ್‌ಪಿ ಅದನ್ನು ಒಪ್ಪುತ್ತದೆ. ಹಣ ಪಾವತಿಯಾದಾಗ ಬಾಕಿಯನ್ನು ಸೊನ್ನೆ ಮಾಡುವ ಸಾಲೊಂದು ಇನ್ನೊಂದು ಫೈಲಿನಲ್ಲಿದೆ. ಅಲ್ಲಿ ಬೆರಳು ಜಾರಿ ಹೀಗೆ ಬಿದ್ದಿದೆ:

$ಸದಸ್ಯ->ಬಾಕೀ = 0;

ಒಂದು ದೀರ್ಘ ಅಷ್ಟೆ. ಯಂತ್ರಕ್ಕೆ 'ಬಾಕಿ' ಬೇರೆ, 'ಬಾಕೀ' ಬೇರೆ. ನಮೂನೆಯಲ್ಲಿ 'ಬಾಕೀ' ಎಂಬ ಕಾಲಂ ಇಲ್ಲ. ಹಳೆಯ ಪಿಎಚ್‌ಪಿ ಅದನ್ನು ಕೇಳುವುದೂ ಇಲ್ಲ. ಅಂಚಿನಲ್ಲಿ ಹೊಸ ಕಾಲಂ ಗೀಚಿ ಅದರಲ್ಲಿ ಸೊನ್ನೆ ಬರೆಯುತ್ತದೆ. ನಿಜವಾದ 'ಬಾಕಿ'ಯಲ್ಲಿ 500 ಹಾಗೇ ಕೂತಿರುತ್ತದೆ, ಡೇಟಾಬೇಸಿಗೂ ಅದೇ 500 ಹೋಗುತ್ತದೆ. ಪರದೆಯ ಮೇಲೆ 'ಧನ್ಯವಾದ' ಎಂದು ಬರುತ್ತದೆ, ರಸೀದಿಯೂ ಮುದ್ರಣವಾಗುತ್ತದೆ. ಮುಂದಿನ ತಿಂಗಳು, ಮೂವತ್ತು ವರ್ಷದಿಂದ ಒಂದು ಸಲವೂ ಚಂದಾ ತಪ್ಪಿಸದ ಹಿರಿಯರೊಬ್ಬರಿಗೆ 'ತಮ್ಮಿಂದ 500 ರೂಪಾಯಿ ಬಾಕಿ ಇದೆ' ಎಂಬ ಇಮೇಲ್ ಹೋಗುತ್ತದೆ. ಅವರು ಖಜಾಂಚಿಗೆ ಫೋನ್ ಮಾಡುತ್ತಾರೆ. ಖಜಾಂಚಿ ಕಂಪ್ಯೂಟರ್ ಹೇಳಿದ್ದನ್ನು ನಂಬುತ್ತಾರೆ. ಸೈಟ್ ಬರೆದವರು ಅಷ್ಟರಲ್ಲಿ ಕೆಲಸ ಬದಲಿಸಿ ಹೈದರಾಬಾದಿಗೆ ಹೋಗಿರುತ್ತಾರೆ. ಒಂದು ದೀರ್ಘದ ಬೆಲೆಯನ್ನು ಮೂವರು ಮರ್ಯಾದಸ್ಥರು ಮನಸ್ತಾಪದಲ್ಲಿ ತೆರುತ್ತಾರೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಚಿತ್ರವಿದೆ. ಇಲ್ಲದ ಕಾಲಂ ಒಂದನ್ನು ಓದಲು ಹೋದರೆ ಪಿಎಚ್‌ಪಿ ಮೊದಲಿನಿಂದಲೂ ಗೊಣಗುತ್ತಿತ್ತು, 2020ರ 8.0ನೇ ಆವೃತ್ತಿಯಲ್ಲಿ ಆ ಗೊಣಗಾಟವನ್ನು ಸಾಮಾನ್ಯ ಸೂಚನೆಯಿಂದ ಎಚ್ಚರಿಕೆಯ ಮಟ್ಟಕ್ಕೆ ಏರಿಸಲಾಯಿತು. ಇಲ್ಲದ ಕಾಲಂನಲ್ಲಿ ಬರೆದರೆ ಮಾತ್ರ 8.2ರವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ತಪ್ಪು ಓದಿಗಿಂತ ತಪ್ಪು ಬರಹ ಹೆಚ್ಚು ಅಪಾಯಕಾರಿ ಎಂಬುದು ಲೆಕ್ಕಪತ್ರ ಬರೆದ ಯಾರಿಗಾದರೂ ಗೊತ್ತು. ಭಾಷೆ ಅದರ ತಿರುಗಾಮುರುಗ ನಡೆದುಕೊಳ್ಳುತ್ತಿತ್ತು. 8.2 ಸರಿಪಡಿಸಲು ಹೊರಟಿದ್ದು ಈ ಅಸಮತೋಲನವನ್ನು.

ನಾಲ್ಕು ಪ್ರಶ್ನೆಗಳು, ಇಪ್ಪತ್ತಾರು ವರ್ಷ

ಪಿಎಚ್‌ಪಿಯನ್ನು ದೂರುವುದು ಪ್ರೋಗ್ರಾಮರ್‌ಗಳ ಹಳೆಯ ಹವ್ಯಾಸ. ಈ ಸಡಿಲು ಬಂದ ಬಗೆ ತಿಳಿದರೆ ದೂರು ಸ್ವಲ್ಪ ಮೃದುವಾಗುತ್ತದೆ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ವೆಬ್ ಪುಟಕ್ಕೆಂದು ಬರೆದುಕೊಂಡ, 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಒಂದಷ್ಟು ಸಾಧನಗಳಿಂದ ಇದು ಶುರುವಾಯಿತು. ಇದರ ಮೂಲ ಹೆಸರೇ 'ಪರ್ಸನಲ್ ಹೋಮ್ ಪೇಜ್ ಟೂಲ್ಸ್'. ಆಂಡಿ ಗಟ್‌ಮನ್ಸ್ ಮತ್ತು ಝೀವ್ ಸುರಸ್ಕಿ ಸೇರಿಕೊಂಡು ಹೊಸದಾಗಿ ಕಟ್ಟಿದ ಮೂರನೇ ಆವೃತ್ತಿಯಲ್ಲಿ, 1998ರಲ್ಲಿ, ಕ್ಲಾಸ್ ಕಾಣಿಸಿಕೊಂಡಿತು. ಪುಟದ ನಡುವೆ ನಾಲ್ಕು ಸಾಲು ಸೇರಿಸಿ ಕೂಡಲೇ ಫಲ ನೋಡಬೇಕೆನ್ನುವವರ ಭಾಷೆ ಅದು. ಅಂಥವರ ಬಳಿ ಮೊದಲು ನಮೂನೆ ತುಂಬಿಸಿ ಬನ್ನಿ ಎಂದಿದ್ದರೆ ಅರ್ಧ ಜನ ಹಿಂದಿರುಗುತ್ತಿದ್ದರು. ಬಾಗಿಲು ಅಷ್ಟು ಅಗಲ ತೆರೆದಿದ್ದರಿಂದಲೇ ಅದರಲ್ಲಿ ವರ್ಡ್‌ಪ್ರೆಸ್ ಬಂತು, ಮೀಡಿಯಾವಿಕಿ ಬಂತು. ಕನ್ನಡ ವಿಕಿಪೀಡಿಯದಲ್ಲಿ ಪುಟವೊಂದನ್ನು ತಿದ್ದಿ ಉಳಿಸಿದವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಪಿಎಚ್‌ಪಿಯ ಈ ಔದಾರ್ಯದ ಫಲಾನುಭವಿಗಳೇ.

ಆದರೆ ಸ್ವಂತ ಪುಟಕ್ಕೆ ಬರೆಯುವವನಿಗೆ ಓದುಗ ಅವನೊಬ್ಬನೇ. ಬೇರೆಯವರು ಬರೆದದ್ದನ್ನು ಇನ್ನೊಬ್ಬರು ಓದಬೇಕಾದಾಗ ಪ್ರಶ್ನೆಗಳು ಏಳುತ್ತವೆ. ಪಿಎಚ್‌ಪಿಯ ಚರಿತ್ರೆಯನ್ನು ಅಂಥ ನಾಲ್ಕು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕಿದ ಕತೆಯಾಗಿ ಓದಬಹುದು.

ಮೊದಲನೆಯದು: ಇದರೊಳಗೆ ಏನೇನಿದೆ? ಇದಕ್ಕೆ ಉತ್ತರ 'ವಾರ್' ಎಂಬ ಪದ. ಆದರೆ ಅದು ಬರೀ ಶಿಷ್ಟಾಚಾರವಾಗಿತ್ತು. ಬರೆದರೂ ಸರಿ, ಬಿಟ್ಟರೂ ಸರಿ. ಈ ಪದ ಇಂದಿಗೂ ಬದುಕಿದೆ, ಈಗ ಅದರ ಅರ್ಥ 'ಪಬ್ಲಿಕ್' ಎಂದೇ.

ಎರಡನೆಯದು: ಇದನ್ನು ಯಾರು ಮುಟ್ಟಬಹುದು? 2004ರ ಜುಲೈಯಲ್ಲಿ ಬಂದ ಪಿಎಚ್‌ಪಿ 5 ಇದಕ್ಕೆ ಪಬ್ಲಿಕ್, ಪ್ರೊಟೆಕ್ಟೆಡ್, ಪ್ರೈವೇಟ್ ಎಂಬ ಮೂರು ಉತ್ತರ ಕೊಟ್ಟಿತು. ಪಬ್ಲಿಕ್ ಆದರೆ ಯಾರು ಬೇಕಾದರೂ, ಪ್ರೈವೇಟ್ ಆದರೆ ಆ ಕ್ಲಾಸಿನೊಳಗಿನ ಕೋಡು ಮಾತ್ರ, ಪ್ರೊಟೆಕ್ಟೆಡ್ ಆದರೆ ಅದರ ವಂಶಸ್ಥರೂ ಸೇರಿ. ಅದಕ್ಕೂ ಮೊದಲು ಒಳಗಿನದು ಎಂದು ತೋರಿಸಲು ಹೆಸರಿನ ಮುಂದೆ ಒಂದು ಅಡಿಗೆರೆ ಹಾಕುವ ರೂಢಿಯಿತ್ತು. 'ದಯವಿಟ್ಟು ಮುಟ್ಟಬೇಡಿ' ಎಂಬ ಚೀಟಿ ಅಂಟಿಸಿದ ಹಾಗೆ, ಬೀಗವೇನೂ ಇರಲಿಲ್ಲ.

ಮೂರನೆಯದು: ಇದರಲ್ಲಿ ಎಂಥದ್ದನ್ನು ಇಡಬಹುದು? ಉತ್ತರಕ್ಕೆ ಹದಿನೈದು ವರ್ಷ ಕಾಯಬೇಕಾಯಿತು. 2019ರ ನವೆಂಬರ್‌ನ 7.4ನೇ ಆವೃತ್ತಿಯಿಂದ ವೇರಿಯಬಲ್‌ನ ಹೆಸರಿನ ಮುಂದೆ ಅದರ ಬಗೆಯನ್ನೂ ಬರೆಯಬಹುದು. 'ಇಂಟ್ $ಬಾಕಿ' ಎಂದರೆ ಬಾಕಿಯಲ್ಲಿ ಪೂರ್ಣಾಂಕ ಮಾತ್ರ. ಇದರ ಮಹತ್ವ ಕನ್ನಡಿಗರಿಗೆ ಒಂದು ಉದಾಹರಣೆಯಿಂದ ಚೆನ್ನಾಗಿ ಗೊತ್ತಾಗುತ್ತದೆ. ಯಾರೋ ಕನ್ನಡ ಕೀಬೋರ್ಡಿನಲ್ಲಿ '೫೦೦' ಎಂದು ತುಂಬಿದರು ಎನ್ನಿ. ಯಂತ್ರದ ಕಣ್ಣಿಗೆ ಅದು ಅಂಕಿಯಲ್ಲ, ಅಕ್ಷರಗಳ ಸಾಲು. ಪಿಎಚ್‌ಪಿ 5ರ ಕಾಲದಲ್ಲಿ ಅದಕ್ಕೆ 100 ಕೂಡಿಸಿದರೆ 100 ಬರುತ್ತಿತ್ತು. '೫೦೦' ಸದ್ದಿಲ್ಲದೆ ಸೊನ್ನೆಯಾಗುತ್ತಿತ್ತು. ಬಗೆ ಘೋಷಿಸಿದ ವೇರಿಯಬಲ್ ಹಾಗಲ್ಲ, ಬಾಗಿಲಲ್ಲೇ ತಡೆದು ದೋಷ ಎನ್ನುತ್ತದೆ. ಇಂಗ್ಲಿಷ್ ಅಂಕಿಗಳಲ್ಲಿರುವ '500' ಎಂಬ ಅಕ್ಷರಸಾಲನ್ನು ಮಾತ್ರ, ಕಟ್ಟುನಿಟ್ಟಿನ ವಿಧಾನ ಆರಿಸಿಕೊಂಡಿರದಿದ್ದರೆ, ತಾನೇ ಅಂಕಿಯಾಗಿ ಬದಲಿಸಿಕೊಳ್ಳುತ್ತದೆ.

ನಾಲ್ಕನೆಯದು: ಇದು ಬದಲಾಗಬಹುದೇ? 2021ರ 8.1ನೇ ಆವೃತ್ತಿಯ 'ರೀಡ್‌ಓನ್ಲಿ' ಇದಕ್ಕೆ ಉತ್ತರ. ಸದಸ್ಯತ್ವದ ಸಂಖ್ಯೆಯಂಥದ್ದನ್ನು ಒಮ್ಮೆ ಬರೆದರೆ ಮುಗಿಯಿತು, ಮತ್ತೆ ತಿದ್ದುವಂತಿಲ್ಲ. 2024ರ ನವೆಂಬರ್‌ನಲ್ಲಿ ಬಂದ 8.4 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದುವ ಹಕ್ಕನ್ನೂ ಬರೆಯುವ ಹಕ್ಕನ್ನೂ ಬೇರೆ ಮಾಡಿತು. ಬಾಕಿ ಎಷ್ಟೆಂದು ಯಾರು ಬೇಕಾದರೂ ನೋಡಲಿ; ಅದನ್ನು ತಿದ್ದುವ ಕೆಲಸ ಸದಸ್ಯ ಕ್ಲಾಸಿನ ಒಳಗಿನ ಕೋಡಿಗೆ ಮಾತ್ರ ಎಂದು ಈಗ ಒಂದೇ ಸಾಲಿನಲ್ಲಿ ಹೇಳಬಹುದು. ಯಾವ ಸಂಘದ ಖಜಾಂಚಿಯೂ ತಲೆಯಾಡಿಸುವ ನಿಯಮವಿದು. ಲೆಕ್ಕದ ಪುಸ್ತಕವನ್ನು ಸಭೆಯಲ್ಲಿ ಎಲ್ಲರೂ ನೋಡಬಹುದು, ಪೆನ್ನು ಮಾತ್ರ ಒಬ್ಬರ ಕೈಯಲ್ಲಿ.

ವೆಬ್‌ನ ಇನ್ನೊಂದು ದೊಡ್ಡ ಭಾಷೆಯಾದ ಜಾವಾಸ್ಕ್ರಿಪ್ಟ್ ಕೂಡ ಇದೇ ದಿಕ್ಕಿನಲ್ಲಿ ನಡೆದಿದೆ. 2015ರಲ್ಲಿ ಅದಕ್ಕೆ ಕ್ಲಾಸ್ ಬಂದಾಗ ವೇರಿಯಬಲ್‌ಗಳನ್ನು ಮೇಲೆ ಪಟ್ಟಿ ಮಾಡುವ ಜಾಗವೇ ಇರಲಿಲ್ಲ. 2022ರ ಮಾನದಂಡ ಅದನ್ನು ಸೇರಿಸಿತು, ಹೊರಗಿನವರು ಮುಟ್ಟಲಾಗದ ವೇರಿಯಬಲ್‌ಗಳನ್ನೂ ಕೊಟ್ಟಿತು. ಅಂಚಿನಲ್ಲಿ ಗೀಚುವುದಕ್ಕೆ ಅಲ್ಲಿ ಇಂದಿಗೂ ತಡೆಯಿಲ್ಲ. ಆ ತಡೆ ಬೇಕೆಂದವರು ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್ ಹಿಡಿದರು. ಪಿಎಚ್‌ಪಿಯಲ್ಲೇ ಕಟ್ಟಿದ ಫೇಸ್‌ಬುಕ್ 2014ರಲ್ಲಿ ಹ್ಯಾಕ್ ಎಂಬ ಬಿಗಿಯಾದ ಸೋದರ ಭಾಷೆಯನ್ನೇ ಮಾಡಿಕೊಂಡಿತು. ಬೇರೆಬೇರೆ ಊರಿನಿಂದ ಹೊರಟವರು ಒಂದೇ ಸಂತೆಗೆ ಬಂದು ಸೇರಿದ್ದಾರೆ ಎಂದರೆ ಅದಕ್ಕೊಂದು ಕಾರಣವಿರಲೇಬೇಕು. ಸಾವಿರಾರು ಜನ ಮುಟ್ಟುವ ಕೋಡಿನಲ್ಲಿ ನೆನಪನ್ನು ನಂಬಿ ಕೂರಲಾಗುವುದಿಲ್ಲ ಎಂಬುದೇ ಆ ಕಾರಣ.

ಎದುರು ವಾದಗಳ ತೂಕ

ಬಿಗಿಯ ವಿರುದ್ಧ ಇರುವ ವಾದಗಳೆಲ್ಲ ಸೋಮಾರಿಗಳವಲ್ಲ. ಮೊದಲ ವಾದ ಕಲಿಯುವವರದು. ನಾಲ್ಕು ಸಾಲಿನ ಕೆಲಸಕ್ಕೆ ಹತ್ತು ಸಾಲಿನ ಪೀಠಿಕೆ ಬೇಕೆಂದರೆ ಹೊಸಬರ ಹುಮ್ಮಸ್ಸು ಇಳಿದುಹೋಗುತ್ತದೆ. ಇದರಲ್ಲಿ ನಿಜವಿತ್ತು, ಈಗ ಅಷ್ಟಿಲ್ಲ. ಹಿಂದೆ ಒಂದು ವೇರಿಯಬಲ್‌ಗೆ ಕನ್‌ಸ್ಟ್ರಕ್ಟರ್ ಮೂಲಕ ಬೆಲೆ ತುಂಬಲು ಅದರ ಹೆಸರನ್ನು ನಾಲ್ಕು ಸಲ ಬರೆಯಬೇಕಿತ್ತು: ಘೋಷಣೆಯಲ್ಲಿ ಒಮ್ಮೆ, ಕನ್‌ಸ್ಟ್ರಕ್ಟರ್‌ನ ಕಂಸದಲ್ಲಿ ಒಮ್ಮೆ, ಒಳಗೆ ಸಮಚಿಹ್ನೆಯ ಆಚೆ ಈಚೆ ಒಂದೊಂದು ಸಲ. 8.0ನೇ ಆವೃತ್ತಿಯಿಂದ ಕಂಸದೊಳಗೆ ಒಂದೇ ಸಲ ಬರೆದರೆ ನಾಲ್ಕೂ ಕೆಲಸ ಆಗುತ್ತದೆ. ಘೋಷಿಸುವುದು ಈಗ ಘೋಷಿಸದೇ ಇರುವುದಕ್ಕಿಂತ ಚಿಕ್ಕದು.

ಎರಡನೆಯ ವಾದ ಇನ್ನೂ ಗಟ್ಟಿ. ಮೊದಲೇ ಗೊತ್ತಿಲ್ಲದ ಕಾಲಂಗಳನ್ನು ಘೋಷಿಸುವುದು ಹೇಗೆ? ಬೇರೊಂದು ಸರ್ವರ್‌ನಿಂದ ಬಂದ ಮಾಹಿತಿಯಲ್ಲಿ ಇವತ್ತು ಐದು ಕಾಲಂ ಇರಬಹುದು, ನಾಳೆ ಏಳು. ಈ ಪ್ರಶ್ನೆಗೆ 8.2ನೇ ಆವೃತ್ತಿ ಕುರುಡಾಗಿಲ್ಲ. ಅಂಥ ಸಡಿಲ ಮಾಹಿತಿಗೆಂದೇ ಇರುವ 'ಎಸ್‌ಟಿಡಿಕ್ಲಾಸ್' ಎಂಬ ಖಾಲಿ ಜೋಳಿಗೆಯನ್ನು ಅದು ಮುಟ್ಟಿಲ್ಲ. ಇಲ್ಲದ ಕಾಲಂ ಕೇಳಿದಾಗ ಏನು ಮಾಡಬೇಕೆಂದು ತಾವೇ ವಿಧಾನ ಬರೆದುಕೊಂಡ ಕ್ಲಾಸ್‌ಗಳಿಗೂ ತೊಂದರೆಯಿಲ್ಲ. ಇಷ್ಟರ ಮೇಲೂ ಅಂಚಿನಲ್ಲಿ ಬರೆಯಲು ಅವಕಾಶ ಬೇಕೇ ಬೇಕೆನ್ನುವ ಕ್ಲಾಸಿನ ತಲೆಯ ಮೇಲೆ 'ಅಲೌ ಡೈನಾಮಿಕ್ ಪ್ರಾಪರ್ಟೀಸ್' ಎಂಬ ಗುರುತು ಹಾಕಿದರೆ ಎಚ್ಚರಿಕೆ ಬರುವುದಿಲ್ಲ. ಸಡಿಲು ಬೇಕಾದರೆ ಇರಲಿ, ಅದನ್ನು ಬಾಯಿಬಿಟ್ಟು ಹೇಳಿ ಎಂಬುದಷ್ಟೇ ಇಲ್ಲಿಯ ಷರತ್ತು. 'ಇಲ್ಲಿ ಅಂಚಿನಲ್ಲಿ ಬರೆಯಬಹುದು' ಎಂಬುದೂ ಒಂದು ಘೋಷಣೆಯೇ.

ಮೂರನೆಯದು ಹಳೆಯ ಕೋಡು ನೋಡಿಕೊಳ್ಳುವವರ ಅಳಲು. ಬದಲಾವಣೆಯ ತೀರ್ಮಾನ ತೆಗೆದುಕೊಳ್ಳುವವರು ಎಲ್ಲೋ ಇರುತ್ತಾರೆ; ಹೋಸ್ಟಿಂಗ್ ಕಂಪನಿ ಒಂದು ದಿನ ಹಳೆಯ ಆವೃತ್ತಿ ನಿಲ್ಲಿಸುತ್ತೇವೆ ಎಂದು ಇಮೇಲ್ ಕಳಿಸುತ್ತದೆ; ತಿದ್ದುವ ಕೆಲಸ ಮಾತ್ರ ತಿಂಗಳ ಸಂಬಳದಲ್ಲೇ, ಬೇರೆ ಕೆಲಸಗಳ ನಡುವೆಯೇ, ಯಾರದೋ ಮೇಲೆ ಬೀಳುತ್ತದೆ. ಗ್ರಾಹಕನಿಗೆ 'ಸೈಟ್ ಮೊದಲಿನ ಹಾಗೇ ಕಾಣುತ್ತಿದೆಯಲ್ಲ, ದುಡ್ಡು ಯಾಕೆ?' ಎಂಬ ಪ್ರಶ್ನೆ. ಈ ಅಳಲು ನ್ಯಾಯವಾದದ್ದು. ಆದರೆ ಅದರೊಳಗೇ ಉತ್ತರವೂ ಇದೆ. ಇಂದು ತಿದ್ದುವವರು ತೆರುತ್ತಿರುವುದು ಅಂದು ಬರೆದವರು ಬಾಕಿ ಉಳಿಸಿದ ಶ್ರಮವನ್ನು. ಎಚ್ಚರಿಕೆಯನ್ನು ಅಡಗಿಸಿಟ್ಟರೆ ಆ ಬಾಕಿ ತೀರುವುದಿಲ್ಲ, ಇನ್ನೊಬ್ಬರ ಹೆಸರಿಗೆ ವರ್ಗವಾಗುತ್ತದೆ.

ವರ್ಡ್‌ಪ್ರೆಸ್ ತನ್ನ ಬಹಳಷ್ಟು ಮೂಲ ಕ್ಲಾಸ್‌ಗಳ ಮೇಲೆ ಆ ಅನುಮತಿಯ ಗುರುತನ್ನು ಹಾಕಿತು. ಅದಕ್ಕೆ ಕಾರಣವಿದೆ. ಯಾರ್ಯಾರೋ ಬರೆದ ಸಾವಿರಾರು ಪ್ಲಗಿನ್‌ಗಳು ಅದರ ಆಬ್ಜೆಕ್ಟ್‌ಗಳ ಅಂಚಿನಲ್ಲಿ ಏನೇನು ಬರೆಯುತ್ತಿವೆ ಎಂದು ಅದು ಲೆಕ್ಕ ಇಡಲಾರದು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಅಷ್ಟು ದೊಡ್ಡ ಪಾಲು ಹೊತ್ತುಕೊಂಡ ತಂತ್ರಾಂಶ ಮೆಲ್ಲಗೆ ತಿರುಗುವುದೇ ಕ್ಷೇಮ. ಹತ್ತು ಕ್ಲಾಸುಗಳಿರುವ ಚಂದಾ ಲೆಕ್ಕದ ಸೈಟಿಗೆ ಈ ನೆಪ ಸಲ್ಲುವುದಿಲ್ಲ. ಅಲ್ಲಿ ಎಲ್ಲ ಕ್ಲಾಸುಗಳ ಮೇಲೂ ಅದೇ ಗುರುತು ಹಚ್ಚುವುದೆಂದರೆ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟು ರಿಪೇರಿ ಮುಗಿಯಿತು ಎಂದ ಹಾಗೆ.

ಘೋಷಣೆಯ ಅತಿರೇಕ

ಬಿಗಿಯ ಪರ ಮಾತಾಡುವವರು ಇನ್ನೊಂದು ಕಡೆಯ ಹಳ್ಳವನ್ನೂ ನೋಡಬೇಕು. ಎಚ್ಚರಿಕೆ ಹೋಗಲೆಂದು ಸಿಕ್ಕಿದ ಹೆಸರನ್ನೆಲ್ಲ 'ಪಬ್ಲಿಕ್' ಎಂದು ಮೇಲೆ ಪೇರಿಸುವುದು ಒಂದು ಬಗೆಯ ಅತಿರೇಕ. ಆ ಸಂಘದ ಕೋಡನ್ನು ಹಾಗೆ ತಿದ್ದಿದರೆ 'ಬಾಕಿ', 'ಬಾಕೀ' ಎರಡೂ ಪಟ್ಟಿಯಲ್ಲಿ ಕೂರುತ್ತವೆ. ಲಾಗ್ ಸ್ವಚ್ಛ, ತಪ್ಪಿಗೆ ಈಗ ಪೌರತ್ವ! ಪ್ರತಿ ಎಚ್ಚರಿಕೆಯ ಮುಂದೆಯೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಬಿಟ್ಟುಹೋದ ಕಾಲಂ ಹೌದೋ, ತಪ್ಪಾಗಿ ಬರೆದ ಹೆಸರೋ? ಯಂತ್ರ ಈ ಪ್ರಶ್ನೆಗೆ ಉತ್ತರಿಸಲಾರದು. ಆ ಸಂಘ ಏನು ಮಾಡುತ್ತದೆಂದು ತಿಳಿದವರೇ ಉತ್ತರಿಸಬೇಕು.

ಇನ್ನೊಂದು ಅತಿರೇಕ ಎಲ್ಲವನ್ನೂ ಪ್ರೈವೇಟ್ ಮಾಡಿ, ಪ್ರತಿಯೊಂದಕ್ಕೂ ಓದಲೊಂದು ಬರೆಯಲೊಂದು ವಿಧಾನ ಬರೆಯುವುದು. ಜಾವಾ ಲೋಕದ ಈ ಶಿಸ್ತನ್ನು ಎರವಲು ತಂದವರು ಎಷ್ಟೋ ಕಡೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅಲ್ಲೇ ನೇತುಹಾಕಿದ್ದಾರೆ. ಯಾರು ಬೇಕಾದರೂ ಯಾವ ಬೆಲೆ ಬೇಕಾದರೂ ತುಂಬುವ ವಿಧಾನವಿದ್ದ ಮೇಲೆ ಪ್ರೈವೇಟ್ ಎಂಬ ಪದಕ್ಕೆ ಅರ್ಥವೇನು? ಘೋಷಣೆಯ ಬೆಲೆ ಅದರ ಉದ್ದದಲ್ಲಿಲ್ಲ. ಆ ನಾಲ್ಕು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಅದರಲ್ಲಿದೆಯೇ ಎಂಬುದು ಮುಖ್ಯ.

ಪ್ರಾಮಾಣಿಕತೆ ಎಂದರೆ ಕೆಲವೊಮ್ಮೆ 'ಗೊತ್ತಿಲ್ಲ' ಎನ್ನುವುದೂ ಹೌದು. ಬಾಕಿ ಸೊನ್ನೆ ಇರುವುದು ಒಂದು ಸ್ಥಿತಿ, ಬಾಕಿ ಎಷ್ಟೆಂದು ಇನ್ನೂ ಲೆಕ್ಕ ಹಾಕದಿರುವುದು ಬೇರೆಯೇ ಸ್ಥಿತಿ. ಹಳೆಯ ಶೈಲಿಯಲ್ಲಿ ಘೋಷಿಸಿ ಬೆಲೆ ಕೊಡದೆ ಬಿಟ್ಟ ವೇರಿಯಬಲ್ 'ನಲ್' ಆಗಿರುತ್ತಿತ್ತು, ಕೂಡಿಸಿದರೆ ಸೊನ್ನೆಯಂತೆ ವರ್ತಿಸುತ್ತಿತ್ತು. ಬಗೆ ಘೋಷಿಸಿ ಬೆಲೆ ಕೊಡದಿದ್ದರೆ ಮಾತ್ರ, ಅದನ್ನು ಓದಲು ಹೋದ ಕೂಡಲೇ 'ಇದಕ್ಕಿನ್ನೂ ಬೆಲೆ ಬಂದಿಲ್ಲ' ಎಂಬ ದೋಷ ಬರುತ್ತದೆ. 'ಗೊತ್ತಿಲ್ಲ' ಎಂಬುದೂ ಒಪ್ಪತಕ್ಕ ಉತ್ತರವಾದರೆ, ಬಗೆಯ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಅದನ್ನೂ ಹೇಳಬಹುದು. ಗೊತ್ತಿಲ್ಲದ್ದನ್ನು ಸೊನ್ನೆ ಎಂದು ಬರೆದುಕೊಂಡ ಲೆಕ್ಕಗಳು ಎಲ್ಲಿಗೆ ಮುಟ್ಟುತ್ತವೆ ಎಂದು ವಿವರಿಸಬೇಕಿಲ್ಲ.

ಸಮಯ ಇರುವಾಗಲೇ

ಘೋಷಿಸುವುದರಿಂದ ಯಂತ್ರಕ್ಕೂ ಲಾಭವಿದೆ. ಕಾಲಂಗಳು ಮೊದಲೇ ಗೊತ್ತಿದ್ದರೆ ಪಿಎಚ್‌ಪಿ ಪ್ರತಿ ಆಬ್ಜೆಕ್ಟ್‌ನಲ್ಲೂ ಅವಕ್ಕೆ ನಿಗದಿತ ಸ್ಥಾನ ಕೊಟ್ಟಿಡುತ್ತದೆ. ಅಂಚಿನಲ್ಲಿ ಗೀಚಿದವುಗಳಿಗಾಗಿ ಆಬ್ಜೆಕ್ಟ್‌ಗೊಂದು ಬೇರೆ ಕೋಷ್ಟಕವನ್ನೇ ಕಟ್ಟಬೇಕು, ಅದು ಮೆಮೊರಿ ತಿನ್ನುತ್ತದೆ. ಆದರೆ ಐನೂರು ಸದಸ್ಯರ ಸಂಘಕ್ಕೆ ಈ ಉಳಿತಾಯ ಲೆಕ್ಕಕ್ಕೆ ಬರುವಂಥದ್ದಲ್ಲ. ಘೋಷಣೆಯ ನಿಜವಾದ ಫಲಾನುಭವಿ ಯಂತ್ರವಲ್ಲ, ಮುಂದೆ ಆ ಫೈಲ್ ತೆರೆಯುವ ಮನುಷ್ಯ. ಹೊರನಾಡಿನ ಕನ್ನಡಿಗರಲ್ಲಿ ಎಷ್ಟೋ ಜನರ ದಿನಗೆಲಸವೇ ಇನ್ನೊಬ್ಬರು ಬರೆದಿಟ್ಟುಹೋದ ಕೋಡನ್ನು ಓದುವುದು. ಕ್ಲಾಸಿನ ಮೊದಲ ಹತ್ತು ಸಾಲಿನಲ್ಲೇ ಇದರೊಳಗೆ ಏನಿದೆ ಎಂದು ಗೊತ್ತಾದರೆ ಆ ಸಂಜೆ ಅವರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾರೆ. ಗೊತ್ತಾಗದಿದ್ದರೆ ಇಪ್ಪತ್ತು ಫೈಲುಗಳಲ್ಲಿ ಹುಡುಕುತ್ತಾ ಕೂರುತ್ತಾರೆ.

8.2 ಕೊಟ್ಟಿರುವುದು ಎಚ್ಚರಿಕೆ ಮಾತ್ರ. ಪಿಎಚ್‌ಪಿ 9ರಲ್ಲಿ ಇದು ಪೂರ್ಣ ಪ್ರಮಾಣದ ದೋಷವಾಗಬೇಕೆಂಬುದು ಆ ಅಂಗೀಕೃತ ಪ್ರಸ್ತಾವದಲ್ಲೇ ಇದೆ. ಅಂದರೆ ಅಲ್ಲಿಯವರೆಗೆ ವಾಯಿದೆ ಸಿಕ್ಕಿದೆ. ಅದನ್ನು ಬಳಸಿಕೊಳ್ಳುವ ಕ್ರಮ ಸರಳ. ಎಚ್ಚರಿಕೆಗಳನ್ನು ನೋಡುವವರ ಪರದೆಯಿಂದ ಮರೆಮಾಡಿ, ಲಾಗ್‌ನಿಂದ ಮರೆಮಾಡಬೇಡಿ. ಹಣ, ದಿನಾಂಕ, ಅನುಮತಿ ಈ ಮೂರನ್ನು ಮುಟ್ಟುವ ಕ್ಲಾಸ್‌ಗಳನ್ನು ಮೊದಲು ತಿದ್ದಿ, ಉಳಿದವು ಕಾಯಬಹುದು. ಒಂದು ವಾರಕ್ಕೆ ಒಂದು ಕ್ಲಾಸ್ ಎಂದರೂ ಹತ್ತು ಕ್ಲಾಸಿನ ಸೈಟ್ ಎರಡೂವರೆ ತಿಂಗಳಲ್ಲಿ ಶುದ್ಧವಾಗುತ್ತದೆ. ತಿದ್ದುತ್ತಾ ಹೋದಂತೆ ಕೆಲವು ಎಚ್ಚರಿಕೆಗಳ ಹಿಂದೆ ಹಳೆಯ ಮನಸ್ತಾಪವೊಂದರ ಕಾರಣವೂ ಸಿಗಬಹುದು. ಆಗ ಆ ಹಿರಿಯರಿಗೆ ಒಂದು ಫೋನ್ ಮಾಡಿ ಹೇಳಬೇಕಾದ ಮಾತೂ ಇರುತ್ತದೆ.